ಅಮಾಸಿಯ ಕಾಯಿ

ವಲಿ ಪಾಷಾ ಐದು ಹೊತ್ತಿನ ನಮಾಜ್ ತಪ್ಪಿಸದ ಮನುಷ್ಯ. ಕೈಯೆತ್ತಿ ದುವಾ ಕೇಳುವಾಗ ಎಲ್ಲರಂತೆ ಮಳೆ, ಅನ್ನ, ಆರೋಗ್ಯ ಕೇಳುತ್ತಿದ್ದ. ಕೊನೆಗೆ ತುಟಿ ಅಲುಗದಂತೆ ಇನ್ನೊಂದು ಮಾತು ಸೇರಿಸುತ್ತಿದ್ದ: ಅಂಬಣ್ಣನ ಗಾಡಿ ಒಮ್ಮೆ ನನ್ನ ಮುಂದೆ ಕೆಟ್ಟು ನಿಲ್ಲಲಿ. ಹೀಗೆ ಮೂರು ವರ್ಷ ಕೇಳಿದ. ದೇವರಿಗೆ ಅವಸರವಿಲ್ಲ. ವಲಿ ಪಾಷಾನಿಗೂ ಇರಲಿಲ್ಲ.

ಅಂಬಣ್ಣ ಮಾನ್ವಿಯ ಅಕ್ಕಿ ಗಿರಣಿಯ ಸಾವಕಾರ. ಎಂಬತ್ತನೇ ಇಸವಿಯಲ್ಲಿ ಡೀಸೆಲ್ ಪಿಕಪ್ ಗಾಡಿ ಕೊಂಡು, ಅದರಲ್ಲಿ ಅಕ್ಕಿ ಚೀಲ ಹೇರಿಕೊಂಡು ದೇವದುರ್ಗದ ಸಂತೆಗೆ ಬರುತ್ತಿದ್ದ. ಆಗ ವಲಿ ಪಾಷಾನ ಶೆಡ್ಡು ದೇವದುರ್ಗದಲ್ಲೇ, ಬಸ್ಸು ನಿಲ್ಲುವ ಜಾಗದ ಹಿಂದೆ ಇತ್ತು. ಗಾಡಿಯ ಸ್ಟಾರ್ಟರ್ ಸುಟ್ಟಾಗ ರಾಯಚೂರಿನಿಂದ ಹೊಸದನ್ನು ತಂದು ಕೂಡಿಸಿದವನು ಅವನೇ. ಎರಡು ತಿಂಗಳಿಗೆ ಅದೂ ಟಕ್ ಎಂದು ಸುಮ್ಮನಾಯಿತು. ಅಂಬಣ್ಣ ಅವನಿಗೆ ಗಾಡಿ ಮುಟ್ಟಲೂ ಬಿಡಲಿಲ್ಲ. ಬೇರೆಯವರ ಕೈಯಿಂದ ಸ್ಟಾರ್ಟರ್ ಬಿಚ್ಚಿಸಿ, ತುಂಬಿದ ಸಂತೆಯಲ್ಲಿ, ಬೇವಿನ ಮರದ ಕೆಳಗೆ ಅವನ ಕಾಲ ಬಳಿಯ ಕಲ್ಲಿಗೆ ಎಸೆದ.

"ಹೊಸಾದು ನುಂಗ್ಯಾನ, ಹಳೇದಕ್ಕ ಬಣ್ಣ ಹಚ್ಚಿ ಹಾಕ್ಯಾನ. ಕಳ್ಳ! ಇವನ ಕೈಯಾಗ ಗಾಡಿ ಕೊಟ್ಟರ ಗಾಲಿನೂ ಉಳಿಯಂಗಿಲ್ಲ ನೋಡ್ರಿ!"

ಸಂತೆ ನಕ್ಕಿತು. ತಿಂಗಳು ತುಂಬುವುದರೊಳಗೆ ಶೆಡ್ಡಿಗೆ ಗಾಡಿಗಳು ಬರುವುದು ನಿಂತಿತು. ವಲಿ ಪಾಷಾ ರಾಯಚೂರಿಗೆ ಹೋಗಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ. ಆ ಸ್ಟಾರ್ಟರನ್ನು ಮಾತ್ರ ಹೆಂಡತಿಯ ಹಳೆಯ ಸೀರೆಯ ಅರಿವೆಯಲ್ಲಿ ಸುತ್ತಿ ತಂದಿದ್ದ. ಆಗಾಗ ಬಿಚ್ಚಿ ಎಣ್ಣೆ ಬಿಟ್ಟು ಮತ್ತೆ ಸುತ್ತಿಡುತ್ತಿದ್ದ. ಬಿಟ್ಟುಬಿಡಿ, ಅಲ್ಲಾ ನೋಡಿಕೊಳ್ಳುತ್ತಾನೆ ಎಂದು ಹೆಂಡತಿ ವಾಹಿದಾ ಹೇಳಿದರೆ "ಮೈ ಭೀ ದೇಖ್ನಾ ನಾ" ಎನ್ನುತ್ತಿದ್ದ. ನಾನೂ ನೋಡಬೇಕಲ್ಲ.

ಎಂಬತ್ನಾಲ್ಕರ ಸುಗ್ಗಿಯಲ್ಲಿ ಒಂದು ಮುಂಜಾನೆ ಅದೇ ಪಿಕಪ್ಪು ಗ್ಯಾರೇಜಿನ ಮುಂದೆ ಬಂದು ನಿಂತಿತು. ಚಾಲಕ ಶರಣಯ್ಯ ಕೆಳಗಿಳಿದು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

"ಪಾಷಾ, ನಾ ಇಲ್ಲಿ ಬಂದದ್ದು ಸಾವಕಾರಗ ಗೊತ್ತಿಲ್ಲ. ಮೂರು ಸ್ಟಾರ್ಟರ್ ಆದುವು, ಎರಡು ಬ್ಯಾಟ್ರಿ ಆದುವು. ದಬ್ಬಿದ್ರ ಸುರು ಆಗ್ತದ, ಇಲ್ಲಾಂದ್ರ ಇಲ್ಲ. ಇನ್ನ ನಾವು ದಬ್ಬಂಗಿಲ್ಲ ಅಂತ ಹಮಾಲರು ಕುಂತುಬಿಟ್ಟಾರ."

"ಇಂಜಿನ್ ಬಂದ್ ಮಾಡಿ ಕೀಲಿ ತಿರುವು."

ಟಕ್.

"ಲೈಟ್ ಹಚ್ಚಿ ತಿರುವು."

ಲೈಟು ಕಣ್ಣು ಕುಕ್ಕುವಂತೆ ಉರಿಯಿತು. ಕೀಲಿ ತಿರುವಿದಾಗಲೂ ಸಾಯಲಿಲ್ಲ. ಬ್ಯಾಟರಿಯಲ್ಲಿ ಜೀವವಿದೆ. ವಲಿ ಪಾಷಾ ಬಾನೆಟ್ಟು ಎತ್ತಿ ಸ್ಟಾರ್ಟರಿನ ಮೈಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಮತ್ತೆರಡು ಸಲ ತಿರುವಿಸಿ, ಆಕ್ಸಿಲರೇಟರಿನ ಸಪೂರ ತಂತಿಯನ್ನು ಎರಡು ಬೆರಳಲ್ಲಿ ಹಿಡಿದವನು ಚಟ್ಟನೆ ಬಿಟ್ಟ. ಅದು ಒಲೆಯ ಮೇಲಿಟ್ಟಂತೆ ಕಾದಿತ್ತು.

ಇಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಸ್ಟಾರ್ಟರಿಗೆ ಬಂದ ಕರೆಂಟು ಬ್ಯಾಟರಿಗೆ ಮರಳಬೇಕಾದರೆ, ಇಂಜಿನ್ನಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ ಬಿಗಿದ ಹೆಣೆದ ತಾಮ್ರದ ಪಟ್ಟಿಯೊಂದೇ ದಾರಿ. ಆ ದಾರಿ ಮುಚ್ಚಿದರೆ ಕರೆಂಟು ಎಲ್ಲಿ ಸಂದಿ ಸಿಕ್ಕರೆ ಅಲ್ಲಿ ನುಸುಳಿ ಸಣ್ಣ ತಂತಿಯನ್ನು ಸುಡುತ್ತದೆ, ಸ್ಟಾರ್ಟರ್ ಮಾತ್ರ ತಿರುಗುವುದಿಲ್ಲ.

ಅವನು ಬಗ್ಗಿ ನೋಡಿದ. ಪಟ್ಟಿಯ ಬೋಲ್ಟಿನ ಸುತ್ತ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ವಿಭೂತಿ, ಒಣಗಿದ ಕುಂಕುಮ, ಅಂಟಿಕೊಂಡ ಒಂದೆಳೆ ತೆಂಗಿನ ನಾರು.

"ಅಮಾಸಿಗೆ ಗಾಡಿಗೆ ಕಾಯಿ ಯಾರು ಒಡೀತಾರ?"

"ಸಾವಕಾರೇ. ಬಾನೆಟ್ ಎತ್ತಿ, ಆ ಕಬ್ಬಿಣದ ಮ್ಯಾಲ. ಇಂಜಿನ್ನಿಗೆ ನೀರು ಬೀಳಬೇಕಂತ. ಒಂದಮಾಸಿನೂ ತಪ್ಪಿಲ್ಲ. ಯಾಕ?"

"ಸುಮ್ನ ಕೇಳಿದೆ."

ದೇವರ ಹೆಸರಿನಲ್ಲಿ ಬಿದ್ದ ನೀರೇ ತಿಂಗಳು ತಿಂಗಳೂ ಆ ಬೋಲ್ಟನ್ನು ತಿಂದು, ಕಳ್ಳನೆಂಬ ಹೆಸರನ್ನು ತನಗೆ ಕೊಟ್ಟಿತ್ತು. ವಲಿ ಪಾಷಾ ನಗಲಿಲ್ಲ. ದಪ್ಪ ತಂತಿಯೊಂದನ್ನು ತಂದು, ಶರಣಯ್ಯನಿಗೆ ಕಾಣದಂತೆ ಟವೆಲ್ ಹೊದಿಸಿ, ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಒತ್ತಿದ. "ತಿರುವು."

ಇಂಜಿನ್ನು ಒಂದೇ ಏಟಿಗೆ ಎದ್ದಿತು.

"ಶಿವ ಶಿವಾ! ಏನು ಮಾಡ್ದೆಪಾ?"

"ಬಂದ್ ಮಾಡು." ಅವನು ತಂತಿ ತೆಗೆದು ಸುತ್ತಿಟ್ಟ. "ಈಗ ತಿರುವು."

ಟಕ್.

"ನೋಡ್ದೆಲ್ಲ? ನಿಮ್ಮ ಸಾವಕಾರಗ ಹೇಳು. ಈ ಗಾಡಿ ನನ್ನ ಮಾತು ಕೇಳ್ತದ. ಸಂತಿ ದಿನ, ದೇವದುರ್ಗದ ಅದೇ ಬೇವಿನ ಗಿಡದ ಕೆಳಗ ರಿಪೇರಿ. ಬೇರೆಲ್ಲೂ ಇಲ್ಲ. ತಾನೇ ಬರಬೇಕು. ಮಂದಿ ಮುಂದ ನನ್ನ ಕಳ್ಳ ಅಂದಾನ, ಮಂದಿ ಮುಂದ ಅಲ್ಲ ಅನ್ನಬೇಕು."

ಗಿರಣಿಯಲ್ಲಿ ಚೀಲಗಳು ಅಟ್ಟ ಮುಟ್ಟಿದ್ದವು. ಅಂಬಣ್ಣ ಬಂದ. ಸಂತೆಯ ನಡುವೆ ಗಾಡಿ ನಿಂತುಹೋಗಿ, ಬೇವಿನ ಮರದ ತನಕ ನಾಲ್ಕು ಮಂದಿ ದಬ್ಬಿಕೊಂಡು ಬಂದರು. ಮೆಣಸಿನಕಾಯಿ ಮಾರುವ ಶೇಖಮ್ಮ ತಕ್ಕಡಿ ಕೆಳಗಿಟ್ಟು ಕೂಗಿದಳು:

"ಯಾಕ್ರೀ ಸಾವಕಾರ, ಮನ್ಯಾಗ ಎತ್ತು ಇರಲಿಲ್ಲೇನ್ರೀ?"

ವಲಿ ಪಾಷಾ ಎಲ್ಲರೂ ನೋಡುವಂತೆ ಅರಿವೆಯ ಗಂಟು ಬಿಚ್ಚಿದ. ಗಾಡಿಯಲ್ಲಿದ್ದ ಸ್ಟಾರ್ಟರ್ ತೆಗೆದಿಟ್ಟು ಹಳೆಯದನ್ನು ಕೂಡಿಸಿದ. ಆಮೇಲೆ ಗಾಡಿಯ ಅಡಿಗೆ ಹೋಗಿ, ಯಾರ ಕಣ್ಣಿಗೂ ಬೀಳದಂತೆ ತಾಮ್ರದ ಪಟ್ಟಿಯನ್ನು ಹೊಳೆಯುವ ತನಕ ಉಜ್ಜಿ ಬಿಗಿದ. ಶರಣಯ್ಯ ಕೀಲಿ ತಿರುವಿದ. ಇಂಜಿನ್ನು ಗುಡುಗಿತು.

"ಸಾವಕಾರ, ಇದು ನೀವು ಒಗೆದ ಸ್ಟಾರ್ಟರ್. ಮೈಮ್ಯಾಲಿನ ತಗ್ಗು ನೋಡ್ರಿ, ಈ ಕಲ್ಲಿಗೇ ಬಿದ್ದದ್ದು. ಈಗ ಹೇಳ್ರಿ."

ಅಂಬಣ್ಣನ ತುಟಿ ಅಲುಗಿತು. ವಲಿ ಪಾಷಾ ಕೈಸನ್ನೆ ಮಾಡಿ ಇಂಜಿನ್ನು ನಿಲ್ಲಿಸಿದ. "ಕೇಳಲಿಲ್ರೀ."

"ನಮಗೂ ಕೇಳಲಿಲ್ಲ," ಎಂದಳು ಶೇಖಮ್ಮ.

"ವಲಿ ಪಾಷಾ ಕಳ್ಳ ಅಲ್ಲ!" ಅಂಬಣ್ಣ ಕೂಗಿದ.

ವಲಿ ಪಾಷಾನ ಎದೆಯಿಂದ ಏನೋ ಇಳಿದಂತಾಯಿತು. ಇನ್ನು ಕಾಯಿಯ ವಿಷಯ ಹೇಳಿಬಿಡಬೇಕೆಂದುಕೊಂಡ. ಬಂಪರಿನ ಮ್ಯಾಲ ಒಡೀರಿ ಸಾವಕಾರ, ಒಳಗ ಬ್ಯಾಡ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅಂಬಣ್ಣ ಅವನ ಹೆಗಲು ತಟ್ಟಿ ನಕ್ಕ. "ಆತಲ್ಲಲೇ? ಒಂದು ಮಾತಿಗೆ ಮೂರು ವರ್ಷ ಹೊಟ್ಟಿ ಉರಕೊಂಡಿಯೇನು? ಗಾಡಿ ಎಬ್ಬಿಸಿದಾಂವ ಆ ಶಿವ, ನಿನ್ನ ಕೈಯಾಗ ಏನದ! ಶರಣಯ್ಯ, ಕಾಯಿ ಕೊಡಿಲ್ಲಿ."

ಬಾನೆಟ್ಟು ಇನ್ನೂ ತೆರೆದೇ ಇತ್ತು. ಅಂಬಣ್ಣ ಕಣ್ಣು ಮುಚ್ಚಿ, ಅದೇ ಕಬ್ಬಿಣದ ಮೇಲೆ ಕಾಯಿ ಒಡೆದ. ನೀರು ಹರಿದು, ಆಗಷ್ಟೇ ಹೊಳೆಯುತ್ತಿದ್ದ ತಾಮ್ರದ ಪಟ್ಟಿಯ ಮೇಲಿಂದ ಹನಿಹನಿಯಾಗಿ ತೊಟ್ಟಿಕ್ಕಿತು. ವಲಿ ಪಾಷಾ ನಾಲಿಗೆಯ ಮಾತನ್ನು ನುಂಗಿಕೊಂಡ. ಅಂಬಣ್ಣ ಕೊಟ್ಟ ಕಾಯಿಚೂರನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಗಾಡಿ ಹೊರಡುವ ಮುಂಚೆ ಶರಣಯ್ಯನ ಕಿಟಕಿಯ ಬಳಿ ಹೋಗಿ ಕೇಳಿದ: "ಅಮಾಸಿ ಎಂದದ?"

"ಇನ್ನ ಹನ್ನೊಂದು ದಿನ. ಯಾಕಪಾ, ಮತ್ತ ಕೇಳಾಕತ್ತಿ?"

"ಸುಮ್ನ."

ಸ್ಟಾರ್ಟರ್ ಸುತ್ತಿದ್ದ ಅರಿವೆಯನ್ನು ಅವನು ಎಸೆಯಲಿಲ್ಲ. ನೀಟಾಗಿ ಮಡಚಿ ಚೀಲದಲ್ಲಿಟ್ಟುಕೊಂಡ. ಮಧ್ಯಾಹ್ನದ ನಮಾಜಿಗೆ ದೇವದುರ್ಗದ ಮಸೀದಿಗೇ ಹೋದ. ಮಳೆ ಕೇಳಿದ, ಅನ್ನ ಕೇಳಿದ, ವಾಹಿದಾಳ ಮೊಣಕಾಲ ನೋವು ಇಳಿಯಲಿ ಎಂದು ಕೇಳಿದ. ಕೊನೆಯ ಆ ಮಾತನ್ನು ಮಾತ್ರ ಅಂದು ಸೇರಿಸಲಿಲ್ಲ. ಕೇಳುವ ಅಗತ್ಯ ಇನ್ನಿರಲಿಲ್ಲ.