ಕಾಲ ಕೆಳಗಿನ ಪೆಟ್ಟಿಗೆ

ಅಕ್ಕನ ಮನೆಯಲ್ಲಿ ಊಟ ಮುಗಿದು ತಟ್ಟೆಗಳನ್ನಿನ್ನೂ ಎತ್ತಿರಲಿಲ್ಲ. ವಿಚಾರಣೆ ಆಗಲೇ ಆರಂಭವಾಗಿತ್ತು. ಹದಿನಾಲ್ಕು ತುಂಬದ ಹಿರಿಮಗಳು ಹೆರಿಗೆಯಲ್ಲಿ ಸತ್ತು ಇಪ್ಪತ್ತು ದಿನವಾಗಿರಲಿಲ್ಲ. ತಪ್ಪು ಯಾರದೆಂದು ತೀರ್ಮಾನಿಸದೆ ಕೈ ತೊಳೆದುಕೊಳ್ಳುವುದಾದರೂ ಹೇಗೆ? ಭಾವ ಡಾಕ್ಟರನ್ನು ಬೈದ. ಭಾವನ ತಾಯಿ, ಹುಡುಗಿಯ ಸೊಂಟದಲ್ಲೇ ಕಸುವಿರಲಿಲ್ಲವೆಂದು ಸತ್ತವಳ ಮೇಲೆಯೇ ಹೊರೆ ಹೊರಿಸಿದಳು. ನಲವತ್ತರ ಅಳಿಯ ಹಣೆಬರಹವೆಂದು ನಿಟ್ಟುಸಿರಿಟ್ಟು ಎರಡನೆಯ ಸಲ ಬಡಿಸಿಕೊಂಡಿದ್ದ. ಹಣೆಬರಹವೆಂಬುದು ಎಷ್ಟು ಅನುಕೂಲದ ಆಸಾಮಿ! ಕರೆದಾಗ ಬರುತ್ತದೆ, ಎದುರುತ್ತರ ಕೊಡುವುದಿಲ್ಲ. ಹೋದವಳ ಫೋಟೋ ಗೋಡೆಗೆ ದೊಡ್ಡದಾಗಿ ಬೇಕೆಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು.

ಗೋಡೆಗೊರಗಿ ಕುಳಿತಿದ್ದ ಸೋದರಮಾವ, ಕಸುಬಿನಿಂದ ಫೋಟೋಗ್ರಾಫರ್, ಅವರೆಲ್ಲರ ಬಗ್ಗೆಯೂ ಹೇಸಿಗೆಪಟ್ಟ. ತನ್ನ ಬಗ್ಗೆ ಇನ್ನೂ ಹೆಚ್ಚು. ಗಂಡಿನ ಕಡೆಗೆ ಕಳಿಸಲು ಅವಳ ಫೋಟೋ ತೆಗೆದವನು ಅವನೇ. ಹದಿನೆಂಟೆಂದು ಹೇಳಿಬಿಟ್ಟಿದ್ದರಿಂದ ಎತ್ತರ ಸಾಲದೆ, ಭಾವನ ಮಾತಿನಂತೆ ಅವಳನ್ನು ಹಳೆಯ ಮರದ ಪೆಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ, ಮೊಣಕಾಲಿನಿಂದ ಕೆಳಗಿನದನ್ನು ಕತ್ತರಿಸಿ ಕೊಟ್ಟಿದ್ದ. ಪೆಟ್ಟಿಗೆ ಅಲುಗುತ್ತಿತ್ತು. “ಮಾಮ, ಇಳೀಲಾ?” ಎಂದು ಎರಡು ಸಲ ಕೇಳಿದ್ದಳು. “ಒಂದ್ ನಿಮಿಷ ತಡಿ, ಕಂದ” ಎಂದಿದ್ದ.

ಮರುದಿನ ಬೆಳಿಗ್ಗೆ ಭಾವ, ಹನ್ನೆರಡರ ಕಿರಿಮಗಳ ಕೈ ಹಿಡಿದು ಸ್ಟುಡಿಯೋಗೆ ಬಂದ. ಅಂಥ ಮನೆತನ ಮತ್ತೆ ಸಿಗುವುದಿಲ್ಲವಂತೆ; ಅದೇ ಅಳಿಯನಿಗೆ ಇವಳನ್ನೂ ಕೊಡುವುದಂತೆ; ಅವನ ಅಣ್ಣಂದಿರಿಗೆ ತೋರಿಸಲು ಇವಳದೂ ಒಂದು ಫೋಟೋ ಬೇಕಂತೆ. ಒಂದೇ ಓಡಾಟದಲ್ಲಿ ಎರಡು ಕೆಲಸ.

ದೊಡ್ಡ ಫೋಟೋ ಸಿದ್ಧವಾಗಿತ್ತು. ಈ ಸಲ ಏನನ್ನೂ ಕತ್ತರಿಸಿರಲಿಲ್ಲ. ಪೆಟ್ಟಿಗೆಯ ಅಂಚನ್ನು ಹೋದವಳ ಪುಟ್ಟ ಕಾಲ್ಬೆರಳುಗಳು ಬಿಗಿಯಾಗಿ ಹಿಡಿದಿದ್ದವು.

“ಈ ದರಿದ್ರ ಪೆಟ್ಟಿಗೆ ಯಾಕಯ್ಯ ಬಂತು? ತೆಗೆದು ಕೊಡು.”

“ತಪ್ಪು ಯಾರದು ಅಂತ ನಿನ್ನೆ ಹುಡುಕ್ತಾ ಇದ್ರಲ್ಲ ಭಾವ, ಇಲ್ಲೇ ಇದೆ ನೋಡಿ. ಎತ್ತಿ ನಿಲ್ಲಿಸು ಅಂದೋರು ನೀವು, ನಿಲ್ಲಿಸಿದೋನು ನಾನು. ಡಾಕ್ಟ್ರು ಬಂದಿದ್ದು ಆಮೇಲೆ.”

ಭಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಮನೆ ಮಾನ ಬೀದಿಗೆ ಹಾಕ್ತೀಯೇನೋ?”

“ಹಾಕಾಯ್ತು. ಇನ್ನೊಂದು ಪ್ರತಿ ಹೊರಗೆ ಗಾಜಿನ ಶೋಕೇಸಿನಲ್ಲಿ ತೂಗ್ತಾ ಇದೆ. ಇವಳ ಮದುವೆ ಮಾತೆತ್ತಿದ್ರೆ ಪೊಲೀಸರಿಗೆ ದೂರು ಬರೀತೀನಿ. ಅದರಲ್ಲಿ ಮೊದಲ ಹೆಸರು ನಂದೇ.”

ಭಾವ ಹೊರಗೋಡಿ ಗಾಜಿನ ಮುಂದೆ ನಿಂತ. ಅಲ್ಲಿ ಆಗಲೇ ಮೂವರು ನೋಡುತ್ತಿದ್ದರು. ಒಳಗೆ ಕಿರಿಯವಳು, ಯಾರೂ ಹೇಳದೆಯೇ, ಮೂಲೆಯಲ್ಲಿದ್ದ ಅದೇ ಹಳೆಯ ಪೆಟ್ಟಿಗೆ ಹತ್ತಿ ಕೈ ಜೋಡಿಸಿ ನಿಂತಿದ್ದಳು. ಮನೆಯಲ್ಲಿ ಕಲಿಸಿಯೇ ಕಳಿಸಿದ್ದರು.

“ಮಾಮ, ಇಳೀಲಾ?”

“ಇಳಿ, ಕಂದ.”