ಮಲ್ಲಿಕಾ ಮಾಡಿದ ಸಲೈನ್ ಗಂಟೆ

ಆಸ್ಪತ್ರೆಯಲ್ಲಿ ನಮ್ಮವರಿಗೆ ಸಲೈನ್ ಹಚ್ಚಿದರೆ ನಮ್ಮ ಕೆಲಸ ಏನು? ಬಾಟಲಿಯನ್ನೇ ನೋಡುತ್ತ ಕೂರುವುದು. ಕಣ್ಣು ತಪ್ಪಿ ಬಾಟಲಿ ಖಾಲಿಯಾದರೆ ನಳಿಕೆಯೊಳಗೆ ರಕ್ತ ಮೇಲೇರುತ್ತದೆ, ಸೂಜಿ ಕಟ್ಟಿಕೊಳ್ಳುತ್ತದೆ. ಮತ್ತೊಂದು ಕಡೆ ಚುಚ್ಚಬೇಕು.

ಮಾನ್ವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಲ್ಲಿಕಾ ಇದನ್ನು ದಿನಾ ನೋಡುತ್ತಿದ್ದಳು. ದೇವದುರ್ಗ ತಾಲ್ಲೂಕು ಜಾಲಹಳ್ಳಿಯ ಹುಡುಗಿ. ತಂದೆ ಇರಲಿಲ್ಲ. ತಾಯಿ ಪಕೀರಮ್ಮ ಹೊಲಹೊಲ ತಿರುಗಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದ್ದಳು.

ಒಂದು ದಿನ ಒಬ್ಬ ಬಾಣಂತಿಗೆ ನರ ಸಿಗದೆ ಮಲ್ಲಿಕಾ ಮತ್ತೆ ಮತ್ತೆ ಚುಚ್ಚಬೇಕಾಯಿತು. ಆಕೆಯ ಗಂಡ ಚಹಾ ತರಲು ಹೋದಾಗ ಬಾಟಲಿ ಮುಗಿದಿತ್ತು.

"ತಪ್ಪು ನಂದೇ ರೀ ಸಿಸ್ಟರ್" ಎಂದು ಅವನು ಕಣ್ಣೊರೆಸಿಕೊಂಡ.

"ನಿಮ್ದಲ್ರೀ. ಮುಗಿಯಾಕತ್ತೀನಿ ಅಂತ ಹೇಳಾಕ ಬಾಟ್ಲಿಗಿ ಬಾಯಿ ಎಲ್ಲದ?" ಎಂದಳು ಮಲ್ಲಿಕಾ.

ಆ ಮಾತು ಅವಳ ತಲೆಯಲ್ಲೇ ಉಳಿಯಿತು. ಆಸ್ಪತ್ರೆಯ ಯಂತ್ರ ರಿಪೇರಿಗೆ ರಾಯಚೂರಿನಿಂದ ಬರುತ್ತಿದ್ದ ಎಂಜಿನಿಯರ್ ಆಸಿಫ್‌ನನ್ನು ಕೇಳಿದಳು. "ಬಾಟ್ಲಿ ತೂಗಹಾಕೋ ಕೊಕ್ಕಿ ಅದಲ್ಲ, ಬಾಟ್ಲಿ ಹಗುರ ಆದಕೂಡ್ಲೇ ಅದು ಗಂಟಿ ಬಡಿಯೋಹಂಗ ಮಾಡಾಕ ಬರ್ತದೇನಣ್ಣಾ?"

"ಬರ್ತದ ಅಕ್ಕಾ. ಆದ್ರ ವಾರ್ಡಿನ ಹಾಲತ್, ಅಲ್ಲಿನ ಕಷ್ಟ ನನಗೇನ್ ಗೊತ್ತು? ನೀವೂ ಜತಿಗಿ ಇರಬೇಕು."

ರಜೆ ಸಿಕ್ಕಾಗಲೆಲ್ಲ ಮಲ್ಲಿಕಾ ರಾಯಚೂರಿನ ಬಸ್ ಹತ್ತಿದಳು. ಕೆಲಸ ಬೆಳೆದಂತೆ ರಜೆ ಸಾಲದಾಯಿತು. ನೌಕರಿ ಬಿಟ್ಟು ಈ ಗಂಟೆಯ ಕೆಲಸವನ್ನೇ ಹಿಡಿಯುವುದಾಗಿ ತಾಯಿಗೆ ಹೇಳಿದಳು.

ಪಕೀರಮ್ಮ ಸಿಡಿದಳು. "ಸಿಸ್ಟರ್ ಅಂತ ಮಂದಿ ಕೈ ಮುಗಿತಾರ ನಿನಗ. ಅದನ್ನ ಬಿಟ್ಟು ಮಿಷನ್ ಮಾರ್ತೀಯೇನು?"

"ಮಾರೋದಷ್ಟೇ ಅಲ್ಲ ಯವ್ವಾ, ಮಾಡ್ತೀನಿ."

ಮಲ್ಲಿಕಾ ನೌಕರಿ ಬಿಟ್ಟಳು. ತಾಯಿ ಮಗಳ ಜೊತೆ ಮಾತು ಬಿಟ್ಟಳು.

ಮೊದಲ ಗಂಟೆಯನ್ನು ಮಲ್ಲಿಕಾ, ಆಸಿಫ್ ಮಾನ್ವಿಯ ಆಸ್ಪತ್ರೆಯ ವಾರ್ಡಿನಲ್ಲಿ ಖಾಲಿ ಮಂಚದ ಪಕ್ಕ ತೂಗುಹಾಕಿ ನೋಡಿದರು. ಫ್ಯಾನಿನ ಗಾಳಿಗೆ ಬಾಟಲಿ ಅಲುಗಿದಾಗಲೆಲ್ಲ ಅದು ಸುಮ್ಮಸುಮ್ಮನೆ ಬಡಿದುಕೊಂಡಿತು. "ಇದನ್ನ ತಗೊಂಡು ಹೋಗಮ್ಮ, ಪೇಷಂಟುಗಳ ನಿದ್ದಿ ಕೆಡ್ತದ" ಎಂದರು ಡಾಕ್ಟರು. ಮಲ್ಲಿಕಾಳ ಮುಖ ಸಣ್ಣದಾಯಿತು. ಬಿಟ್ಟ ನೌಕರಿ ನೆನಪಾಯಿತು.

"ಫ್ಯಾನ್ ಬಂದ್ ಮಾಡಿದ್ರ ಹೆಂಗ?" ಎಂದ ಆಸಿಫ್.

"ನಮ್ಮ ಬ್ಯಾಸಗಿಯಾಗ? ಮಂದಿ ಉಳೀಬೇಕಲ್ಲಣ್ಣಾ! ಫ್ಯಾನ್ ತಿರಗ್ಲಿ, ನಾವು ಕೊಕ್ಕಿ ಬದಲಿ ಮಾಡೋಣ."

ಬದಲಿಸಿದರು. ಬಾಟಲಿ ಅಲುಗಿದರೆ ಸುಮ್ಮನಿದ್ದು, ನಿಜವಾಗಿ ಹಗುರಾದರೆ ಮಾತ್ರ ಬಡಿಯುವ ಗಂಟೆ ತಯಾರಾಯಿತು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು, ಬೇಕಾದ ಪರವಾನಗಿ ಪಡೆದರು. ರಾಯಚೂರಿನಲ್ಲಿ ಸಣ್ಣ ಕಾರ್ಖಾನೆ ಶುರುವಾಯಿತು. ಗಂಟೆಯನ್ನು ಮೊದಲು ಕೊಂಡದ್ದು ಮಾನ್ವಿಯ ಅದೇ ಆಸ್ಪತ್ರೆ.

ಮಲ್ಲಿಕಾ ಜಾಲಹಳ್ಳಿಗೆ ಹೋಗಿ, "ಒಂದ್ಸಲ ಬಂದು ನೋಡು ಯವ್ವಾ. ಆಮ್ಯಾಲ ಎಷ್ಟಾರ ಬೈ" ಎಂದು ತಾಯಿಯನ್ನು ಮಾನ್ವಿಯ ಆಸ್ಪತ್ರೆಗೆ ಕರೆತಂದಳು.

ವಾರ್ಡಿನಲ್ಲಿ ಒಬ್ಬಾಕೆಗೆ ಸಲೈನ್ ಹಚ್ಚಿದ್ದರು. ಪಕ್ಕದಲ್ಲಿ ಅವಳ ಅಣ್ಣ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಗಂಟೆ ಬಡಿಯಿತು. ಹಿರಿಯ ನರ್ಸ್ ಇಮಾಮ್ ಬೀ ಬಂದು ಬಾಟಲಿ ಬದಲಿಸಿದಳು. ನಳಿಕೆಯಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ. ಇಮಾಮ್ ಬೀ ಪಕೀರಮ್ಮನ ಕಡೆ ತಿರುಗಿ, "ನಿಮ್ಮ ಮಗಳು ನಮ್ಮನ್ನ ಬಿಟ್ಟು ಹೋಗ್ಯಾಳಂತ ಯಾರಂದ್ರು? ಎಲ್ಲಾ ವಾರ್ಡಿನಾಗೂ ಅದಾಳ" ಎಂದಳು.

ಆ ಅಣ್ಣ ದಡಬಡಿಸಿ ಎದ್ದ. "ಬಾಟ್ಲಿ ಮುಗೀತೇನ್ರಿ? ಏನಾತು?"

"ಏನೂ ಆಗಿಲ್ಲಪ್ಪ, ಮಲಕ್ಕೋ" ಎಂದಳು ಪಕೀರಮ್ಮ. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು: "ಆ ಗಂಟಿ ಮಾಡಿದಾಕಿ ನನ್ನ ಮಗಳು!"

ನರ್ಸ್ ಅಕ್ಕಂದಿರೇ, ಲ್ಯಾಬಿನ ಅಣ್ಣಂದಿರೇ, ರೋಗಿಯ ಕಷ್ಟವನ್ನು ಹತ್ತಿರದಿಂದ ಕಂಡವರು ನೀವು. ಅದಕ್ಕೊಂದು ಉಪಾಯ ಹೊಳೆದಿದೆಯೇ? ನೌಕರಿಯಲ್ಲಿರುವಾಗಲೇ ಸಣ್ಣ ಮಾದರಿ ಮಾಡಿ ನೋಡಿ. ಯಂತ್ರ ಬಲ್ಲವರನ್ನು ಜೊತೆಗೆ ಸೇರಿಸಿಕೊಳ್ಳಿ. ಸಣ್ಣ ಕಾರ್ಖಾನೆಗೆ ಏನು ನೆರವು ಸಿಗುತ್ತದೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಪರೀಕ್ಷೆ, ಪರವಾನಗಿ ಆಗದೆ ಯಾವುದನ್ನೂ ರೋಗಿಗೆ ಬಳಸಬೇಡಿ. ಮೊದಲ ಸಲ ಸೋತರೆ ಎಲ್ಲಿ ತಪ್ಪಿತೆಂದು ಹುಡುಕಿ. ಮನೆಯ ಹಿರಿಯರೇ, ಮಗಳು ಹೊಸ ದಾರಿ ಹಿಡಿಯುತ್ತೇನೆ ಎಂದರೆ ಬೈಯುವ ಮೊದಲು ಅವಳ ಕೆಲಸವನ್ನೊಮ್ಮೆ ಕಣ್ಣಾರೆ ನೋಡಿ ಬನ್ನಿ.