ಹೊರಗಿನವರ ಹೆಸರು

ಲಕ್ಷ್ಮೇಶ್ವರದಿಂದ ನಸುಕಿನಲ್ಲಿ ಚಕ್ಕಡಿ ಹೂಡಿದರೆ ದೀಪ ಹಚ್ಚುವ ಹೊತ್ತಿಗೆ ಗದಗ ಮುಟ್ಟಬಹುದು. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದ ಆ ವರ್ಷವೂ ಲಕ್ಷ್ಮೇಶ್ವರದವರ ಪಾಲಿಗೆ ಗದಗ ಪರಮುಲಕು. ಇದು ಸಂಸ್ಥಾನದ ಊರು, ಅದು ಮುಂಬೈ ಸರಕಾರದ್ದು. ನಡುವೆ ಒಂದು ಜಕಾತಿ ನಾಕಾ. ಹತ್ತಿ ಮಾರಲು ಹೊರಟವನು ಅಲ್ಲಿ ಸುಂಕ ತೆತ್ತು, ಗೊಣಗಿಕೊಂಡು ಮುಂದೆ ಸಾಗಬೇಕು.

ಈ ಸುಂಕದಿಂದ ರೈತನಿಗೆ ಎಷ್ಟು ಪೆಟ್ಟು, ಸಂಸ್ಥಾನ ವಿಲೀನವಾದರೆ ಎಷ್ಟು ಲಾಭ ಎಂದು ಹಳ್ಳಿ ಹಳ್ಳಿ ತಿರುಗಿ ಕೇಳಿ ಪುಸ್ತಕ ಬರೆದದ್ದು ಚನ್ನಬಸವಣ್ಣನ ಅಭ್ಯಾಸ ಮಂಡಳಿ. ಚನ್ನಬಸವಣ್ಣ ಹೊಲಮನೆ ಗಟ್ಟಿಯಿದ್ದ ಮನುಷ್ಯ, ಧಾರವಾಡದಲ್ಲಿ ನಾಲ್ಕಕ್ಷರ ಕಲಿತವನು, ಮಾತಿಗೆ ನಿಂತರೆ ಕೂಡುವವನಲ್ಲ. ಪುಸ್ತಕ ಅಚ್ಚಾಗಿ ಬಂದು ಹಂಚುವುದೊಂದೇ ಬಾಕಿ ಇದ್ದಾಗ ಸಂಸ್ಥಾನದವರು ಊರಲ್ಲಿ ಡಂಗುರ ಸಾರಿಸಿದರು. ರಾಜ್ಯದ ಕಾರಭಾರದ ಬಗ್ಗೆ ಅಭ್ಯಾಸ ಮಾಡಿ ಬರೆಯುವ ಮಂಡಳಿಗಳು ಹೊರಗಿನವರ ಹಣ ಪಡೆದಿದ್ದರೆ, ಕೊಟ್ಟವರ ಹೆಸರನ್ನು ಸೋಮವಾರ ಚಾವಡಿಯಲ್ಲಿ ಎಲ್ಲರೆದುರು ಹೇಳಬೇಕು. ಒಂದು ಹೆಸರು ಮುಚ್ಚಿಟ್ಟರೂ ಪುಸ್ತಕ ಜಪ್ತಿ. ಹೊರಗಿನವರೆಂದರೆ ಸಂಸ್ಥಾನದಲ್ಲಿ ತಮ್ಮ ಹೆಸರಿಗೆ ಹೊಲವಾಗಲಿ ಮನೆಯಾಗಲಿ ಇಲ್ಲದವರು.

ಮಂಡಳಿಯವರು ಕೆಂಡವಾದರು. ಚನ್ನಬಸವಣ್ಣನಿಗೆ ಮಾತ್ರ ಸಿಟ್ಟು ಬರಲಿಲ್ಲ. ಗದಗಿನ ಹತ್ತಿ ದಲಾಲರ ದುಡ್ಡಿನಲ್ಲಿ ಸುಂಕ ತೆಗೆಯಿರಿ ಎಂದು ಬರೆದವರು, ಆ ಸಂಗತಿಯನ್ನು ಓದುವವರಿಗೆ ಹೇಳಬೇಕಾದದ್ದು ನ್ಯಾಯವೇ. ದಲಾಲರ ಹೆಸರು ಹೇಳಲು ಅವನಿಗೆ ಅಂಜಿಕೆ ಇರಲಿಲ್ಲ. ಅಂಜಿಕೆ ಇದ್ದದ್ದು ಗದಗಿನ ಮಗ್ಗುಲ ಬೆಟಗೇರಿಗೆ ಕೊಟ್ಟ ಅಕ್ಕ ರೇಣುಕವ್ವನ ಹೆಸರಿನದು. ಅಚ್ಚಿನ ಖರ್ಚಿಗೆ ಕಡಿಮೆ ಬಿದ್ದಾಗ ಅವಳು ಅತ್ತೆಮನೆಯವರು ಹಾಕಿದ ಬಂಗಾರದ ಪಾಟಲಿ ಕೈಯಿಂದ ಬಿಚ್ಚಿ ಕೊಟ್ಟಿದ್ದಳು. ಅತ್ತೆ ಗದಿಗೆವ್ವನಿಗೆ, ಬೆಸುಗೆ ಬಿಟ್ಟಿದೆ, ಪತ್ತಾರನಲ್ಲಿ ಕೊಟ್ಟಿದ್ದೇನೆ ಎಂದು ಹೇಳಿದ್ದಳು. ಗದಿಗೆವ್ವನೋ, ಒಂದು ಹಿಡಿ ಜೋಳ ಹೆಚ್ಚುಕಡಿಮೆಯಾದರೂ ಸೊಸೆಯನ್ನು ತವರಿಗಟ್ಟುತ್ತೇನೆಂದು ನಿಲ್ಲುವ ಹೆಂಗಸು.

ಮಂಡಳಿಯ ಅಂದಾನಪ್ಪ ಹಾದಿ ಹುಡುಕಿಯೇಬಿಟ್ಟ. "ಅಣ್ಣಾರ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ಸೋಮವಾರದೊಳಗ ಅಕ್ಕಾರ ಹೆಸರಿಗೆ ಒಂದ ತುಂಡ ಹೊಲ ಮಾಡ್ರಿ. ಹೊರಗಿನಾಕಿ ಅಲ್ಲ ಅಂತಾತು. ಹೆಸರು ಹೇಳೂದ ಬ್ಯಾಡ."

ಚನ್ನಬಸವಣ್ಣನಿಗೆ ಅಪ್ಪನ ಮಾತು ನೆನಪಾಯಿತು. ಅಪ್ಪ ಸಾಯುವಾಗ ಹಳ್ಳದ ದಂಡೆಯ ಹೊಲ ರೇಣುಕವ್ವನಿಗೆ ಕೊಡು ಎಂದಿದ್ದ. ಕೊಟ್ಟ ಹೆಣ್ಣಿಗೆ ಇಲ್ಲಿ ಹೊಲವೇಕೆಂದು ಇವನು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದ. ಅವಳೂ ಕೇಳಿರಲಿಲ್ಲ. ಬಾಯಿಬಿಟ್ಟು ಕೇಳದವರಿಗೆ ಕೊಡದಿರುವುದು ಎಷ್ಟು ಸುಲಭ! ಮರುದಿನವೇ ಬೆಟಗೇರಿಗೆ ಹೊರಟ.

ಅವನು ಮುಟ್ಟಿದಾಗ ಗದಿಗೆವ್ವ ಗುಡಿಗೆ ಹೋಗಿದ್ದಳು. ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಎಲ್ಲವನ್ನೂ ಹೇಳಿ, ಕೊನೆಗೆ, "ಹಳ್ಳದ ದಂಡಿ ಹೊಲ ನಿನ್ನ ಹೆಸರಿಗೆ ಹಚ್ಚತೀನಕ್ಕಾ. ಅಪ್ಪಾನ ಮಾತೂ ನಡದಂಗ ಆಗತೈತಿ" ಎಂದ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಅಪ್ಪಾನ ಮಾತು ಈಗ ನೆನಪಾತನು?"

"ಅಕ್ಕಾ..."

"ಮೊದಲ ಕೊಡತೀನಿ ಅಂದಿದ್ರ ಸೆರಗೊಡ್ಡಿ ತಗೋತಿದ್ದೆ. ಅವಾಗ ನಾ ಹೊರಗಿನಾಕಿ ಆಗಿದ್ದೆ. ಈಗ ನಿನ್ನ ಪುಸ್ತಕ ಉಳೀಬೇಕಂದ್ರ ಒಳಗಿನಾಕಿ ಆಗಬೇಕೇನು? ಒಲ್ಲೆ ತಮ್ಮಾ. ನನ್ನ ಹೆಸರು ಹೇಳು."

"ಹೇಳಿದ್ರ ನಿಮ್ಮತ್ತಿ ಸುಮ್ಮನಿರತಾರನು?"

"ಆ ಚಿಂತಿ ನನಗಿರಲಿ. ಅತ್ತಿ ಬರಲಿ, ನಾನ ಹೇಳತೀನಿ. ಕೊಟ್ಟದ್ದನ್ನ ಕಳವು ಮಾಡಿದಂಗ ಯಾಕ ಮುಚ್ಚಿಡಬೇಕು? ಹಸದು ಬಂದಿ, ಮೊದಲ ಉಣ್ಣು."

ಹೇಳಿದಂತೆಯೇ ಹೇಳಿದಳು. ಗದಿಗೆವ್ವ ಕೂಗಾಡಿದ್ದು ಓಣಿಗೆಲ್ಲ ಕೇಳಿತು. ಕಟ್ಟೆಯ ಮೇಲೆ ಕೂತಿದ್ದ ಚನ್ನಬಸವಣ್ಣ, ಇನ್ನೇನು ಅಕ್ಕನ ಗಂಟು ಹೊರಗೆ ಬಿದ್ದೀತು ಎಂದು ಕಾದ. ಆದರೆ ಗದಿಗೆವ್ವನ ದನಿ ಇದ್ದಕ್ಕಿದ್ದಂತೆ ಇಳಿಯಿತು. "ತವರಿಗೆ ಹೋಗು ಅಂದೇನು, ಅಲ್ಲಿ ನಿಂದೇನೈತಿ ಹೋಗಾಕ? ಬಿದ್ದಿರು ಇಲ್ಲೇ." ಆ ಮಾತು ಕೇಳಿ ತಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು.

ಸೋಮವಾರ ಚಾವಡಿ ಕಿಕ್ಕಿರಿದಿತ್ತು. ಮದುವೆಯಲ್ಲಿ ಆಯೇರಿ ಕೊಟ್ಟವರ ಹೆಸರು ಕೂಗಿದಂತೆ ಚನ್ನಬಸವಣ್ಣ ಗದಗಿನ ದಲಾಲರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತ ಹೋದ. ದಲಾಲರು ಯಾಕೆ ಕೊಟ್ಟರೆಂಬುದು ಎಲ್ಲರಿಗೂ ತಿಳಿಯುವಂಥದೇ, ಜನ ಮುಸಿಮುಸಿ ನಕ್ಕರು. ಕೊನೆಗೆ, "ಬೆಟಗೇರಿ ರೇಣುಕವ್ವ" ಎಂದ.

ಹೆಸರು ಬರೆದುಕೊಳ್ಳುತ್ತಿದ್ದ ಸಂಸ್ಥಾನದ ಮಾಮಲೇದಾರರು ತಲೆಯೆತ್ತಿದರು. "ಯಾರ್ರೀ ಇವರು?"

"ನಮ್ಮಕ್ಕರೀ."

ಮಾಮಲೇದಾರರು ಕೆಟ್ಟವರಲ್ಲ. "ಇಲ್ಲೇ ಹುಟ್ಟಿ ಬೆಳದಾಕಿ ಹೊರಗಿನಾಕಿ ಹೆಂಗಾಗತಾಳ್ರೀ? ಬಿಡ್ರಿ, ಇದೊಂದ ಹೆಸರು ಬ್ಯಾಡ" ಎಂದರು.

ಹೂಂ ಅನ್ನಿರಿ ಎಂಬಂತೆ ಅಂದಾನಪ್ಪ ಹಿಂದಿನಿಂದ ಅಂಗಿ ಜಗ್ಗಿದ. ಬೆಟಗೇರಿಯಲ್ಲಿ ಆಗಲೇ ಎಲ್ಲ ಗೊತ್ತಾಗಿತ್ತು, ಹೆಸರು ಬಿಟ್ಟರೆ ಅಕ್ಕನಿಗೆ ಆಗಬೇಕಾದದ್ದೇನೂ ಇರಲಿಲ್ಲ. ಈಗ ಹೂಂ ಅಂದರೆ ಉಳಿಯುವುದು ಚನ್ನಬಸವಣ್ಣನ ಮಾನ ಮಾತ್ರ.

"ಇಲ್ರೀ ಸಾಹೇಬ್ರ" ಎಂದ. "ಆಕಿ ಹೆಸರಿಗೆ ಇಲ್ಲಿ ಒಂದ ಗೇಣ ಭೂಮಿ ಇಲ್ಲ. ನಾ ಕೊಟ್ಟಿಲ್ಲ. ಹೊರಗಿನಾಕಿ ಅಂತನ ಬರೀರಿ."

ಈ ಸಲ ಯಾರೂ ನಗಲಿಲ್ಲ. ಅಕ್ಕತಂಗಿಯರನ್ನು ಗದಗಿಗೋ ಮುಂಡರಗಿಗೋ ಕೊಟ್ಟು ಕಳಿಸದವರು ಆ ಚಾವಡಿಯಲ್ಲಿ ಒಬ್ಬರೂ ಇರಲಿಲ್ಲ. ಮಾಮಲೇದಾರರೂ ತಲೆ ತಗ್ಗಿಸಿ ಬರೆದುಕೊಂಡರು.